ವಿಜಯಪುರ ನೋಡೋಣ ಬನ್ನಿ



ವಿಜಯಪುರ ನಮ್ಮ ನಾಡಿನ ಹಳೆಯ ಊರು. 2014ರವರೆಗೆ ಇದರ ಹೆಸರು ಬಿಜಾಪುರ. ಈಗಲೂ ಬಹಳ ಮಂದಿ ಹಾಗೇ ಕರೆಯುತ್ತಾರೆ. ಆದಿಲ್‌ಶಾಹಿ ಸುಲ್ತಾನರು ಸುಮಾರು 200 ವರ್ಷ ಇಲ್ಲಿಂದ ರಾಜ್ಯ ಆಳಿದರು. 1686ರಲ್ಲಿ ಔರಂಗಜೇಬ ಈ ಊರನ್ನು ಗೆದ್ದ. ಸುಲ್ತಾನರು ಹೋದರು. ಅವರ ಕಾಲದ ಕಟ್ಟಡಗಳು ಉಳಿದವು. ಮುಖ್ಯವಾದವನ್ನು ಒಂದೇ ದಿನದಲ್ಲಿ ನೋಡಬಹುದು. ರೊಟ್ಟಿ ಬುತ್ತಿ ಕಟ್ಟಿಕೊಳ್ಳೋಣ. ಕುಡಿಯುವ ನೀರು ಮರೆಯದಿರೋಣ.

ಗೋಳಗುಮ್ಮಟ

ಮೊದಲು ಇಲ್ಲಿಗೆ ಹೋಗೋಣ. ಬೆಳಿಗ್ಗೆ ಬೇಗ ಹೋದರೆ ಒಳ್ಳೇದು. ಆಗ ಗದ್ದಲ ಕಡಿಮೆ.

ಇದು ಸುಲ್ತಾನ ಮಹಮ್ಮದ್ ಆದಿಲ್‌ಶಾನ ಸಮಾಧಿ. 1656ರ ಹೊತ್ತಿಗೆ ಕಟ್ಟಿದ್ದು. ಗುಮ್ಮಟದ ಹೊರಗಿನ ಅಗಲ ಸುಮಾರು 144 ಅಡಿ. ಒಳಗೆ ನಡುವೆ ಒಂದು ಕಂಬವೂ ಇಲ್ಲ! ಹಾಗಾದರೆ ಇಷ್ಟು ಭಾರ ಹೊತ್ತವರು ಯಾರು? ಒಂದರೊಳಗೊಂದು ಹೆಣೆದ ಕಮಾನುಗಳು. ಅವು ಭಾರವನ್ನು ಗೋಡೆಗಳಿಗೆ ದಾಟಿಸುತ್ತವೆ.

ಮೂಲೆಯ ಗೋಪುರದೊಳಗೆ ಮೆಟ್ಟಿಲುಗಳಿವೆ. ಏಳು ಅಂತಸ್ತು ಹತ್ತಬೇಕು. ಮೆಟ್ಟಿಲು ಇಕ್ಕಟ್ಟು. ಮಂಡಿನೋವು ಇದ್ದವರು ಅವಸರ ಮಾಡಬಾರದು. ಮೇಲೆ ಗುಮ್ಮಟದ ಸುತ್ತ ಓಡಾಡುವ ಜಾಗ ಇದೆ. ಅಲ್ಲಿ ಒಬ್ಬರು ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ನಿಂತವರಿಗೆ ಕೇಳುತ್ತದೆ. ಯಾಕೆ ಗೊತ್ತಾ? ಗೋಡೆ ದುಂಡಗಿದೆ. ಮಾತು ಗೋಡೆಗುಂಟ ಸುತ್ತಿ ಬರುತ್ತದೆ.

ಮಲಿಕ್-ಎ-ಮೈದಾನ್

ಇದು ದೊಡ್ಡ ತೋಪು. ಊರಿನ ಪಶ್ಚಿಮ ಕೋಟೆಯ ಮೇಲಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ಅಂದರೆ ಕ್ವಿಂಟಲ್ ಜೋಳದ ಚೀಲ 550 ಪೇರಿಸಿದಷ್ಟು! 1854ರಲ್ಲಿ ಇದನ್ನು ಹರಾಜಿಗೆ ಹಾಕಿದ್ದರು. ಕೂಗಿದ್ದು ಬರೀ 150 ರೂಪಾಯಿ. ಪುಣ್ಯಕ್ಕೆ ಹರಾಜು ನಿಂತಿತು. ತೋಪು ಉಳಿಯಿತು.

ತಾಜ್ ಬಾವಡಿ

ಊರು ದೊಡ್ಡದಾದರೆ ನೀರು ಬೇಕು. ನೀರಿನ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಲ್ಲಿ ಮಳೆ ಕಡಿಮೆ. ಅದಕ್ಕೇ ಕೆರೆ, ಬಾವಿ ಕಟ್ಟಿಸಿದರು. ಮಣ್ಣಿನ ಕೊಳವೆ ಹೂತು ಬೇಗಂ ತಲಾಬಿನಿಂದ ಊರೊಳಗೆ ನೀರು ತಂದರು.

ತಾಜ್ ಬಾವಡಿ 1620ರದ್ದು. ರಾಣಿ ತಾಜ್ ಸುಲ್ತಾನಾಳ ಹೆಸರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ. ಸುತ್ತಲೂ ದಾರಿಹೋಕರು ತಂಗಲು ಕೋಣೆಗಳಿವೆ. ಮನೆಗೆ ನಲ್ಲಿ ಬಂತು. ಜನ ಬಾವಿ ಮರೆತರು. ಕಸ ಹಾಕಿದರು, ಹೂಳು ತುಂಬಿತು. 2017ರ ಹೊತ್ತಿಗೆ ಹೂಳು ತೆಗೆಸಿ ಸ್ವಚ್ಛ ಮಾಡಿದರು. ಬಾವಿ ಕಟ್ಟುವುದು ಒಂದು ಕೆಲಸ. ಕಾಪಾಡುವುದು ದಿನದಿನದ ಕೆಲಸ. ನಮ್ಮೂರ ಬಾವಿಗೂ ಇದೇ ಮಾತು.

ಇಬ್ರಾಹಿಂ ರೋಜಾ

ಸಂಜೆ ಇಲ್ಲಿಗೆ ಬರೋಣ. ಇದು ಎರಡನೇ ಇಬ್ರಾಹಿಂ ಆದಿಲ್‌ಶಾ ಮತ್ತು ತಾಜ್ ಸುಲ್ತಾನಾ ಅವರ ಸಮಾಧಿ. ಇದನ್ನೂ ಕಟ್ಟಿದವನು ಮಲಿಕ್ ಸಂದಲ್. ಇಬ್ರಾಹಿಂಗೆ ಸಂಗೀತ ಅಂದರೆ ಪ್ರಾಣ. ಅವನು ಬರೆದ ಹಾಡಿನ ಪುಸ್ತಕದ ಹೆಸರು ಕಿತಾಬ್-ಎ-ನವರಸ್. ಅದರಲ್ಲಿ ಸರಸ್ವತಿಯನ್ನೂ ಹೊಗಳಿದ್ದಾನೆ.

ಇಲ್ಲಿನ ಕಿಟಕಿ ನೋಡಿ. ಕಲ್ಲನ್ನೇ ಅಕ್ಷರವಾಗಿ ಕೊರೆದಿದ್ದಾರೆ. ಅಕ್ಷರಗಳ ಸಂದಿಯಿಂದ ಬೆಳಕು ಒಳಗೆ ಬರುತ್ತದೆ. ಅದು ಕನ್ನಡ ಅಲ್ಲ, ಅರಬ್ಬಿ. ಆದರೂ ನೋಡಲು ಚೆಂದ.

ಒಂದು ಮಾತು

ಹಳೆ ಕಟ್ಟಡದ ಗೋಡೆ ಮೇಲೆ ಕೆಲವರು ಮೊಳೆಯಿಂದ ತಮ್ಮ ಹೆಸರು ಗೀಚುತ್ತಾರೆ. ಓದು ಬಂದವರೇ ಹೀಗೆ ಮಾಡುತ್ತಾರೆ. ನಾವು ಹಾಗೆ ಮಾಡುವುದು ಬೇಡ. ಕಷ್ಟಪಟ್ಟು ಕಲಿತ ಅಕ್ಷರ ನಮ್ಮದು. ನೋಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯೋಣ. ಕೆಳಗೆ ನಮ್ಮ ಹೆಸರು ಬರೆಯೋಣ. ಮನೆಗೆ ಬಂದು ಮಕ್ಕಳಿಗೆ ಓದಿ ಹೇಳೋಣ.

ಹೇಳಿ ನೋಡೋಣ

1. ಗೋಳಗುಮ್ಮಟದ ಭಾರವನ್ನು ಯಾವುದು ಹೊತ್ತಿದೆ?
2. ತಾಜ್ ಬಾವಡಿ ಹಾಳಾದದ್ದು ಹೇಗೆ?
3. ನಿಮ್ಮೂರಿನ ಹಳೆಯ ಬಾವಿ ಅಥವಾ ಕೆರೆ ಈಗ ಹೇಗಿದೆ? ನಾಲ್ಕು ಸಾಲು ಬರೆಯಿರಿ.