ಬೆಕ್ಕಿಗೆ ಚಿಗಟದ ಮದ್ದು ಹಾಕುವ ಮುನ್ನ

ಬೆಂಗಳೂರಿನ ಕೋಗಿಲಿನಲ್ಲಿ ನಿಮ್ಮ ಮನೆಯಿದೆ ಎಂದುಕೊಳ್ಳಿ. ಮಕ್ಕಳ ಮುದ್ದಿನ ಬೆಕ್ಕು ಎರಡು ದಿನಗಳಿಂದ ಮೈ ಕೆರೆದುಕೊಳ್ಳುತ್ತಿದೆ. ರೋಮ ಸರಿಸಿ ನೋಡಿದರೆ ಚಿಗಟ! ಪಕ್ಕದ ಮನೆಯವರು ತಮ್ಮ ನಾಯಿಗೆ ತಂದು ಉಳಿದಿದ್ದ ಮದ್ದನ್ನು ಪ್ರೀತಿಯಿಂದಲೇ ಕೊಡುತ್ತಾರೆ. ನೀವು ನಾಲ್ಕು ಹನಿ ಹಾಕುತ್ತೀರಿ. ರಾತ್ರಿಯಾಗುವಷ್ಟರಲ್ಲಿ ಬೆಕ್ಕು ಜೊಲ್ಲು ಸುರಿಸುತ್ತಾ ನಡುಗತೊಡಗುತ್ತದೆ. ತಪ್ಪಾದದ್ದೆಲ್ಲಿ?

ನಾಯಿಗಳ ಕೆಲವು ಮದ್ದುಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕವಿರುತ್ತದೆ. ನಾಯಿಯ ಯಕೃತ್ತು ಅದನ್ನು ಒಡೆದು ಹೊರಹಾಕಬಲ್ಲದು. ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ತೀರಾ ಕಡಿಮೆ. ಆದ್ದರಿಂದ ಅದು ನರಗಳಿಗೆ ತಗಲಿ ಸೆಳವು ಬರುತ್ತದೆ, ಜೀವವೇ ಹೋಗಬಹುದು. ಉಣ್ಣೆಗೆಂದು ನಾಯಿಗೆ ಬಳಸುವ ಅಮಿಟ್ರಾಜ್ ಕೂಡ ಬೆಕ್ಕಿಗೆ ಬೇಡ. ಫಿನಾಯಿಲ್, ಸೀಮೆಎಣ್ಣೆಗಳನ್ನಂತೂ ಹಚ್ಚಲೇಬಾರದು. ಅವು ಚರ್ಮವನ್ನು ಸುಡುತ್ತವೆ. ಬೆಕ್ಕು ಮೈ ನೆಕ್ಕಿಕೊಳ್ಳುವುದರಿಂದ ಹೊಟ್ಟೆಗೂ ಸೇರುತ್ತವೆ.

ಹಾಗೆಂದು ಎಲ್ಲ ತೊಂದರೆಯೂ ವಿಷವಲ್ಲ. ಬೆಕ್ಕಿಗೆಂದೇ ತಯಾರಿಸಿದ ಫಿಪ್ರೊನಿಲ್ ಹನಿ ಹಾಕಿದಾಗಲೂ ಕೆಲವು ಬೆಕ್ಕುಗಳಿಗೆ ಆ ಜಾಗ ಕೆಂಪಾಗಿ ತುರಿಸುತ್ತದೆ, ಸ್ವಲ್ಪ ರೋಮ ಉದುರುತ್ತದೆ. ಸಾಮಾನ್ಯವಾಗಿ ಇದು ಕೆಲವು ದಿನಗಳಲ್ಲಿ ಮಾಯುತ್ತದೆ. ಗಾಯವಾದರೆ ಅಥವಾ ಊತ ಹೆಚ್ಚಿದರೆ ವೈದ್ಯರಿಗೆ ತೋರಿಸಿ, ಮುಂದಿನ ಸಲ ಅದೇ ಮದ್ದು ಹಾಕಬೇಡಿ. ಎಷ್ಟೋ ವೇಳೆ ತುರಿಕೆಗೆ ಕಾರಣ ಮದ್ದಲ್ಲ, ಚಿಗಟದ ಜೊಲ್ಲಿನ ಅಲರ್ಜಿ.

ತಪ್ಪು ಮದ್ದು ಬಿದ್ದಿದೆಯೆಂದು ತಿಳಿದ ಕೂಡಲೇ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ದ್ರವ ಸೋಪಿನಿಂದ ತೊಳೆಯಿರಿ. ಬಿಸಿನೀರು ಬೇಡ. ಬಾಯಿಗೆ ಹಾಲು, ಎಣ್ಣೆ ಹುಯ್ಯಬೇಡಿ. ಟವೆಲಿನಲ್ಲಿ ಸುತ್ತಿ, ಮದ್ದಿನ ಪೊಟ್ಟಣದ ಸಮೇತ ವೈದ್ಯರ ಬಳಿಗೆ ಹೊರಡಿ. ನಡುಕ ಶುರುವಾಗಿದ್ದರೆ ತೊಳೆಯುತ್ತಾ ಹೊತ್ತು ಕಳೆಯಬೇಡಿ. ಕೋಗಿಲು ಕ್ರಾಸಿನಿಂದ ಬಳ್ಳಾರಿ ರಸ್ತೆಯಲ್ಲೇ ನಗರದ ಕಡೆಗೆ ಹೋದರೆ, 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಸಿಗುತ್ತದೆ. ಅಲ್ಲಿ ಪ್ರಾಣಿಗಳ ಆಸ್ಪತ್ರೆಯಿದೆ. ರಾತ್ರಿ ವೇಳೆ ತೆರೆದಿರುವ ವೈದ್ಯರ ದೂರವಾಣಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಬೆಕ್ಕಿನ ಮೈಮೇಲೆ ಕಾಣುವ ಚಿಗಟ ಒಟ್ಟು ಸಂಖ್ಯೆಯ ಶೇಕಡಾ 5ರಷ್ಟು ಮಾತ್ರ. ಉಳಿದದ್ದು ಮೊಟ್ಟೆ, ಮರಿ, ಕೋಶಗಳಾಗಿ ಚಾಪೆ, ಹಾಸಿಗೆ, ಮೂಲೆಗಳಲ್ಲಿರುತ್ತದೆ. ಆದ್ದರಿಂದ ಬೆಕ್ಕು ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಮೂಲೆಗಳನ್ನು ಚೆನ್ನಾಗಿ ಗುಡಿಸಿ. ಎಳೆಯ ಮರಿಗಳಿಗೆ ವೈದ್ಯರನ್ನು ಕೇಳದೆ ಮದ್ದು ಹಾಕಬೇಡಿ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ, ಚಿಗಟಗಳನ್ನು ಸೋಪಿನ ನೀರಿಗೆ ಹಾಕಿ.

ಬೆಕ್ಕು ಅಶುದ್ಧವಲ್ಲ, ಅದು ನಮ್ಮ ನಡುವೆ ಸುತ್ತಾಡುವ ಜೀವಿ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದನ್ನು ನೆನೆದು, ಅಬೂ ಕತಾದ(ರ) ತಮ್ಮ ವುಝೂವಿನ ನೀರಿನ ಪಾತ್ರೆಯನ್ನೇ ಬೆಕ್ಕಿಗೆ ಬಾಗಿಸಿ ಹಿಡಿದಿದ್ದರು. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಸ್ತ್ರೀ ಶಿಕ್ಷೆಗೆ ಗುರಿಯಾದ ಎಚ್ಚರಿಕೆಯೂ ಹದೀಸಿನಲ್ಲಿದೆ. ಆಕೆಯದು ನಿರ್ದಯೆ, ನಮ್ಮದು ತಿಳಿಯದೆ ಆಗುವ ತಪ್ಪು, ನಿಜ. ಆದರೆ ತಿಳಿದುಕೊಳ್ಳುವ ಹೊಣೆ ನಮ್ಮ ಮೇಲಿದೆ. ಪೊಟ್ಟಣದ ಮೇಲೆ ಬೆಕ್ಕಿನ ಹೆಸರಿದೆಯೇ ಎಂದು ಓದಲು ಒಂದು ನಿಮಿಷ ಸಾಕು. ಆ ಮೂಕ ಜೀವ ನಮ್ಮ ಕೈಯಲ್ಲಿರುವ ಅಮಾನತ್ತಲ್ಲವೇ?