ಗಾಯವಿಲ್ಲದ ಕಾರ್ಖಾನೆ

1987ರ ಅಕ್ಟೋಬರ್ ತಿಂಗಳ ಒಂದು ದಿನ. ನ್ಯೂಯಾರ್ಕ್ ನಗರದ ಹೋಟೆಲೊಂದರ ಸಭಾಂಗಣದಲ್ಲಿ ಷೇರುಪೇಟೆಯ ಪಂಡಿತರೂ ಹಣ ಹೂಡುವವರೂ ನೆರೆದಿದ್ದರು. ಅಮೆರಿಕದ ಹೆಸರಾಂತ ಅಲ್ಯೂಮಿನಿಯಂ ಸಂಸ್ಥೆಯಾದ ಅಲ್ಕೋವಾದ ನೂತನ ಮುಖ್ಯಾಧಿಕಾರಿ ಪಾಲ್ ಓನೀಲ್ ಅವರೆದುರು ಮಾತನಾಡಬೇಕಾಗಿತ್ತು. ಲಾಭ, ತೆರಿಗೆ, ಮಾರುಕಟ್ಟೆ ಇವೇ ಭಾಷಣದ ವಿಷಯವೆಂದು ಎಲ್ಲರ ನಿರೀಕ್ಷೆ. ಆದರೆ ಓನೀಲ್ ಎತ್ತಿಕೊಂಡದ್ದು ಕೆಲಸಗಾರರಿಗೆ ಆಗುವ ಗಾಯಗಳ ಮಾತನ್ನು. ಸಭಾಂಗಣದಲ್ಲಿ ಬೆಂಕಿ ಬಿದ್ದರೆ ಹೊರಗೆ ಹೋಗುವ ಬಾಗಿಲುಗಳು ಎಲ್ಲಿವೆಯೆಂದು ತೋರಿಸಿ, ಒಬ್ಬನಿಗೂ ಗಾಯವಾಗದ ಸಂಸ್ಥೆಯನ್ನು ಕಟ್ಟುವುದೇ ತಮ್ಮ ಗುರಿಯೆಂದು ಅವರು ಸಾರಿದರು. ಈತನಿಗೆ ವ್ಯಾಪಾರ ತಿಳಿಯದೆಂದು ಬಗೆದು, ಷೇರುಗಳನ್ನು ಮಾರಿಬಿಡಿರೆಂದು ತನ್ನ ಕಕ್ಷಿಗಾರರಿಗೆ ಸಲಹೆಯಿತ್ತವನೂ ಆ ಸಭೆಯಲ್ಲಿದ್ದನು!

ಆ ಸಲಹೆ ಎಷ್ಟು ತಪ್ಪಾಗಿತ್ತೆಂಬುದನ್ನು ಅರಿಯಬೇಕಾದರೆ ಸ್ವಲ್ಪ ಹಿಂದಿನ ಕಥೆಯನ್ನು ನೋಡಬೇಕು.

ಪರಿಹಾರದ ಹುಟ್ಟು

ಹತ್ತೊಂಬತ್ತನೆಯ ಶತಮಾನದಲ್ಲಿ ಯಂತ್ರಕ್ಕೆ ಕೈಕೊಟ್ಟು ಬೆರಳು ಕಳೆದುಕೊಂಡ ಕೆಲಸಗಾರನು ಮಾಲೀಕನ ಮೇಲೆ ದಾವೆ ಹೂಡಿ ಗೆಲ್ಲುವುದು ಬಲು ದುಸ್ತರವಾಗಿತ್ತು. ತಪ್ಪು ಅವನದೇ, ಇಲ್ಲವೆ ಜೊತೆಗಾರನದು, ಅದೂ ಅಲ್ಲವಾದರೆ ಅಪಾಯವನ್ನು ತಿಳಿದೇ ಅವನು ಕೆಲಸಕ್ಕೆ ಸೇರಿದವನು! ಮಾಲೀಕನ ಪರವಾಗಿ ಈ ಮೂರು ವಾದಗಳು ಸದಾ ಸಿದ್ಧವಾಗಿರುತ್ತಿದ್ದವು. ಜರ್ಮನಿಯು 1884ರಲ್ಲಿ ಅಪಘಾತ ವಿಮೆಯ ಕಾಯಿದೆಯಿಂದ ಈ ಗೋಡೆಯನ್ನು ಒಡೆಯಿತು. ಬ್ರಿಟನ್ 1897ರಲ್ಲಿಯೂ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನ 1911ರಲ್ಲಿಯೂ ಅದೇ ದಾರಿ ಹಿಡಿದವು. ಭಾರತದಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಬಂದದ್ದು 1923ರಲ್ಲಿ. ತಪ್ಪು ಯಾರದೆಂಬ ಜಗಳ ಬೇಡ, ಕೆಲಸದಲ್ಲಿ ಗಾಯವಾದರೆ ಪರಿಹಾರ ಸಲ್ಲಬೇಕು ಎಂಬುದೇ ಈ ಕಾಯಿದೆಗಳ ತಿರುಳು.

ಅಮೆರಿಕದಲ್ಲಿ ಇನ್ನೊಂದು ಏರ್ಪಾಡೂ ಬೆಳೆಯಿತು. ಹಿಂದಿನ ವರ್ಷಗಳಲ್ಲಿ ಪರಿಹಾರದ ಬೇಡಿಕೆಗಳು ಹೆಚ್ಚಾಗಿದ್ದ ಸಂಸ್ಥೆ ಹೆಚ್ಚಿನ ವಿಮಾ ಕಂತನ್ನು ತೆರಬೇಕು, ಕಡಿಮೆಯಿದ್ದ ಸಂಸ್ಥೆಗೆ ಕಂತು ಹಗುರ. ಮಾಲೀಕರು ಅಪಘಾತಗಳನ್ನು ತಡೆಯಲೆಂಬುದೇ ಇದರ ಉದ್ದೇಶ. ಆದರೆ ಬೇಡಿಕೆಗಳು ಇಳಿಯುವುದಕ್ಕೆ ಎರಡು ದಾರಿಗಳುಂಟು. ಗಾಯಗಳು ಕಡಿಮೆಯಾಗುವುದು ಒಂದು. ಗಾಯಗೊಂಡವನು ಬಾಯಿ ಮುಚ್ಚಿಕೊಳ್ಳುವುದು ಇನ್ನೊಂದು. ಲೆಕ್ಕದ ಪುಸ್ತಕದಲ್ಲಿ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ.

ಇಂತಿಷ್ಟು ದಿನ ಅಪಘಾತವಿಲ್ಲದಿದ್ದರೆ ಎಲ್ಲರಿಗೂ ಬಹುಮಾನವೆಂದು ಸಾರುವ ಕಾರ್ಖಾನೆಗಳುಂಟು. ಅಂಥಲ್ಲಿ ಕೈ ಸುಟ್ಟುಕೊಂಡವನು ಗೆಳೆಯರ ಬಹುಮಾನ ತಪ್ಪೀತೆಂದು ಕೈಗೆ ಬಟ್ಟೆ ಸುತ್ತಿಕೊಂಡು ಸುಮ್ಮನಿದ್ದರೆ ಅಚ್ಚರಿಯೇನು? ಗಾಯವನ್ನು ವರದಿ ಮಾಡಿದವರ ಮೇಲೆ ಹಗೆ ಸಾಧಿಸಬಾರದೆಂದು ಅಮೆರಿಕದ ಸರ್ಕಾರ 2016ರಲ್ಲಿ ನಿಯಮವನ್ನೇ ಬಿಗಿಗೊಳಿಸಬೇಕಾಯಿತು.

ಒಂದು ಸಾವು, ಒಂದು ಒಪ್ಪಿಗೆ

ಅಲ್ಕೋವಾದ ಕಥೆ ಹೀಗಾಗಲಿಲ್ಲ. ಓನೀಲ್ ಅಧಿಕಾರ ವಹಿಸಿದ ಕೆಲವೇ ತಿಂಗಳುಗಳಲ್ಲಿ, ಅರಿಜೋನಾದ ಕಾರ್ಖಾನೆಯಲ್ಲಿ ತರುಣ ಕೆಲಸಗಾರನೊಬ್ಬನು ಮೃತಪಟ್ಟನು. ಯಂತ್ರ ನಿಂತುಹೋದಾಗ ಅವನು ತಡೆಗಟ್ಟೆಯನ್ನು ಹಾರಿ ಒಳಗೆ ಹೋಗಿ ಅದನ್ನು ಸರಿಪಡಿಸಿದ್ದನು. ಮತ್ತೆ ಚಲಿಸಿದ ಯಂತ್ರದ ತೋಳು ಅವನ ತಲೆಗೆ ಬಡಿಯಿತು. ಮನೆಯಲ್ಲಿ ಬಸುರಿಯಾದ ಹೆಂಡತಿ.

ನಿಯಮ ಮೀರಿದ್ದು ಹುಡುಗನೇ ಎಂದು ಕಡತವನ್ನು ಮುಚ್ಚಬಹುದಾಗಿತ್ತು. ಓನೀಲ್ ಹಾಗೆ ಮಾಡಲಿಲ್ಲ. ಹಿರಿಯ ಅಧಿಕಾರಿಗಳನ್ನು ಕೂಡಿಸಿ, ಈ ಸಾವಿಗೆ ತಾವೆಲ್ಲರೂ ಹೊಣೆ, ಎಲ್ಲಕ್ಕೂ ಮೊದಲು ತಾನೇ ಹೊಣೆ ಎಂದು ಒಪ್ಪಿಕೊಂಡರು. ಅವನು ತಡೆಗಟ್ಟೆ ದಾಟುವುದನ್ನು ಮೇಲ್ವಿಚಾರಕರು ಕಂಡೂ ತಡೆದಿರಲಿಲ್ಲ. ಯಂತ್ರ ನಿಂತರೆ ಎಲ್ಲಿ ಬೈಗುಳ ತಿನ್ನಬೇಕಾದೀತೋ ಎಂಬ ಅಂಜಿಕೆಯಿರುವಲ್ಲಿ ಗೋಡೆಯ ಮೇಲಿನ ನಿಯಮವನ್ನು ಯಾರು ಓದುತ್ತಾರೆ? ಕೆಲಸದ ಮನೆಯ ವಾತಾವರಣವೆಂದರೆ ಇದೇ. ಕಾಗದದ ಮೇಲಿನ ಆಜ್ಞೆಗಿಂತ ಮೇಸ್ತ್ರಿಯ ಹುಬ್ಬಿನ ಅರ್ಥವೇ ಅಲ್ಲಿ ದೊಡ್ಡದು.

ಮುಂದೆ ಎಲ್ಲಿ ಗಾಯವಾದರೂ ಇಪ್ಪತ್ತನಾಲ್ಕು ಗಂಟೆಗಳೊಳಗೆ ಮೇಲಕ್ಕೆ ಸುದ್ದಿ ತಲುಪಬೇಕೆಂದೂ, ಅದು ಮರುಕಳಿಸದಂತೆ ಮಾಡುವ ಯೋಜನೆಯೂ ಜೊತೆಗಿರಬೇಕೆಂದೂ ಕಟ್ಟಳೆಯಾಯಿತು. ಅಧಿಕಾರಿಗಳು ಅಲಕ್ಷಿಸಿದರೆ ತಮ್ಮ ಮನೆಗೇ ದೂರವಾಣಿ ಮಾಡಿರೆಂದು ಓನೀಲ್ ಕೆಲಸಗಾರರಿಗೆ ಹೇಳಿದರು. ಸುರಕ್ಷತೆಯಿಂದ ಎಷ್ಟು ಹಣ ಉಳಿಯಿತೆಂದು ಲೆಕ್ಕ ಹಾಕಕೂಡದೆಂದು ತಮ್ಮ ಹಣಕಾಸಿನ ಸಿಬ್ಬಂದಿಗೆ ಕಟ್ಟಪ್ಪಣೆ ಮಾಡಿದರು. ಹಣಕ್ಕಾಗಿ ಈ ಕಾಳಜಿ ಎಂಬ ಸಂಶಯ ಬಂದೊಡನೆ ಕೆಲಸಗಾರರ ನಂಬಿಕೆ ಕುಸಿಯುವುದೆಂದು ಅವರು ಅರಿತಿದ್ದರು.

1996ರಲ್ಲಿ ಈ ನಂಬಿಕೆಗೆ ಪರೀಕ್ಷೆಯೊದಗಿತು. ಮೆಕ್ಸಿಕೋದ ಕಾರ್ಖಾನೆಯಲ್ಲಿ ಕೆಲಸಗಾರರು ವಿಷಾನಿಲದಿಂದ ಅಸ್ವಸ್ಥರಾದರೆಂದು ಕ್ರೈಸ್ತ ಸಂನ್ಯಾಸಿನಿಯೊಬ್ಬರು ಷೇರುದಾರರ ಸಭೆಯಲ್ಲಿಯೇ ಎದ್ದು ನಿಂತು ಪ್ರಶ್ನಿಸಿದರು. ವಿಚಾರಿಸಿ ನೋಡಲಾಗಿ, ದೋಷವನ್ನೇನೋ ಸರಿಪಡಿಸಲಾಗಿತ್ತು. ಸುದ್ದಿ ಮಾತ್ರ ಮೇಲಕ್ಕೆ ಬಂದಿರಲಿಲ್ಲ. ಸಂಸ್ಥೆಗೆ ಅಪಾರ ಲಾಭ ತಂದಿದ್ದ ಹಿರಿಯ ಅಧಿಕಾರಿಯೇ ಅದರಿಂದ ಹುದ್ದೆ ಕಳೆದುಕೊಂಡನು.

ಲೆಕ್ಕ ಹೇಳುವುದೇನು?

ಓನೀಲ್ ಬಂದಾಗ ಗಾಯದಿಂದ ಕೆಲಸ ತಪ್ಪುವ ಪ್ರಮಾಣ ನೂರು ಮಂದಿಗೆ 1.86 ಇದ್ದಿತು. ಅವರು ನಿವೃತ್ತರಾಗುವ ಹೊತ್ತಿಗೆ, 2000ದಲ್ಲಿ, ಅದು 0.2ಕ್ಕೆ ಇಳಿದಿತ್ತು. ಸಂಸ್ಥೆಯ ವಾರ್ಷಿಕ ಲಾಭ ಆ ಅವಧಿಯಲ್ಲಿ ಐದು ಪಟ್ಟಾಗಿತ್ತು. ಅಂದು ಷೇರು ಮಾರಿದವರು ಕೈಕೈ ಹಿಸುಕಿಕೊಂಡಿರಬೇಕು!

ಆದರೂ ಈ ಕಥೆಯ ಸಾರ ಲಾಭದಲ್ಲಿಲ್ಲ. ಕಾಯಿದೆ ಕಳೆದುಹೋದ ಬೆರಳಿಗೆ ಬೆಲೆ ಕಟ್ಟಿ ಕೊಡಬಲ್ಲದು, ಬೆರಳನ್ನು ಮರಳಿಸಲಾರದು. ಅದನ್ನು ಉಳಿಸುವುದು, ಯಂತ್ರವನ್ನು ನಿಲ್ಲಿಸುತ್ತೇನೆಂದು ಕಿರಿಯ ಕೆಲಸಗಾರನು ಹೇಳಿದಾಗ ಹಿರಿಯನು ಕೊಡುವ ಉತ್ತರ. ಬೆಳಿಗ್ಗೆ ಬುತ್ತಿ ಕಟ್ಟಿ ಕಳುಹಿಸಿದವರು ಸಂಜೆ ಬಾಗಿಲಲ್ಲಿ ಕಾದಿರುತ್ತಾರೆ. ಅವರಿಗೆ ಬೇಕಾದದ್ದು ಪರಿಹಾರದ ಹಣವಲ್ಲ, ಹೋದವನು ಹೋದಂತೆಯೇ ಮರಳಿ ಬರುವುದು.