ದಂಡದ ಚೀಟಿ ಬರುವ ಮುನ್ನ

ರವಿವಾರದ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳಕ್ಕೆ ಬಂದಾಗ ನಾವು ಮತ್ತೆ ಮತ್ತೆ ಕಾಣುವ ನೋಟವೊಂದುಂಟು. ಮೀಸೆ ಮೂಡದ ಬಾಲಕನೊಬ್ಬ ತಂದೆಯ ಬೈಕನ್ನು ಚಾಲೂ ಮಾಡುತ್ತಾನೆ. ಹಿಂದೆ ತಂಗಿ, ಅವಳ ಹಿಂದೆ ತಾಯಿ. ಮೂವರ ತಲೆಯೂ ಬರಿದು. ಪ್ರಶ್ನಿಸಿದರೆ, “ಊರೊಳಗೇ ಅಲ್ಲವೇ, ಫಾದರ್” ಎಂದು ತಂದೆ ನಗುತ್ತಾನೆ. ನಾವೂ ಎಷ್ಟೋ ಸಲ ನಕ್ಕು ಸುಮ್ಮನಾಗಿದ್ದೇವೆ. ಅದು ನಮ್ಮ ತಪ್ಪು.

ಊರೊಳಗಿನ ರಸ್ತೆ ಊರೊಳಗೇ ಮುಗಿಯುವುದಿಲ್ಲ. ಕಿತ್ತೂರಿನ ಮಗ್ಗುಲಲ್ಲೇ 48ನೆಯ ರಾಷ್ಟ್ರೀಯ ಹೆದ್ದಾರಿಯಿದೆ. ಸುಗ್ಗಿಯಲ್ಲಿ ಬೈಲಹೊಂಗಲ, ರಾಮದುರ್ಗದ ದಾರಿಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಗುತ್ತವೆ. ಹುಣ್ಣಿಮೆ ಬಂದರೆ ಸವದತ್ತಿಯ ಹಾದಿ ಜಾತ್ರೆಯ ವಾಹನಗಳಿಂದ ತುಂಬುತ್ತದೆ.

ಕಾನೂನೆಂದರೆ ಸರ್ವರ ಹಿತಕ್ಕಾಗಿ, ಸಮಾಜದ ಹೊಣೆ ಹೊತ್ತವರು ಸಾರಿ ತಿಳಿಸಿದ ವಿವೇಕದ ಕಟ್ಟಳೆ ಎಂಬುದು 13ನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರ ವಿಚಾರ. ಸಾರುವುದು ಸರಕಾರದ ಹೊಣೆ. ಸಾರಿದ್ದನ್ನು ಅರಿಯುವುದು ನಮ್ಮದು.

1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಮಹತ್ವದ ತಿದ್ದುಪಡಿಯಾಯಿತು. ಅದರ 199ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಕನು ವಾಹನ ನಡೆಸಿ ಅಪರಾಧವೆಸಗಿದರೆ ತಪ್ಪಿತಸ್ಥರು ಪಾಲಕರು ಅಥವಾ ವಾಹನದ ಮಾಲೀಕರು. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿಯಿಲ್ಲ. ಮದ್ಯಪಾನ ಮಾಡಿ ವಾಹನ ನಡೆಸಿದವರಿಗೆ ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಹೆಲ್ಮೆಟ್ ಇಲ್ಲದ ಸವಾರನ ಪರವಾನಗಿ ಮೂರು ತಿಂಗಳು ಅಮಾನತಾಗಬಹುದು.

ಈ ಮಾಹಿತಿ ಎಲ್ಲಿ ದೊರೆಯುತ್ತದೆ? ಬೈಲಹೊಂಗಲದ ಸಾರಿಗೆ ಕಚೇರಿಯಲ್ಲಿ, ಸಮೀಪದ ಪೊಲೀಸ್ ಠಾಣೆಯಲ್ಲಿ ವಿಚಾರಿಸಬಹುದು. ಕೇಂದ್ರ ಸರಕಾರದ ‘ಪರಿವಾಹನ್’ ಜಾಲತಾಣದ ಇ-ಚಲನ್ ವಿಭಾಗದಲ್ಲಿ ಚಲನ್ ಸಂಖ್ಯೆ, ವಾಹನದ ಸಂಖ್ಯೆ ಅಥವಾ ಪರವಾನಗಿ ಸಂಖ್ಯೆ ಕೊಟ್ಟು, ಬಾಕಿ ದಂಡವಿದೆಯೇ ಎಂದು ನೋಡಬಹುದು. ಆದರೆ ವಾಟ್ಸಾಪಿನಲ್ಲಿ ಬರುವ ದಂಡದ ಕೊಂಡಿಗಳನ್ನು ಒತ್ತಬೇಡಿರಿ. ಅವುಗಳ ಮೂಲಕ ಬ್ಯಾಂಕಿನ ಹಣ ದೋಚುವ ವಂಚಕರಿದ್ದಾರೆ.

ದಂಡದ ಭಯವಷ್ಟೇ ನಮ್ಮನ್ನು ತಿದ್ದಿದರೆ ಪೊಲೀಸರಿಲ್ಲದ ತಿರುವಿನಲ್ಲಿ ನಾವು ಮತ್ತೆ ಎಡವುತ್ತೇವೆ. 2007ರಲ್ಲಿ ವ್ಯಾಟಿಕನ್ ಚಾಲಕರಿಗಾಗಿ ಹತ್ತು ಕಟ್ಟಳೆಗಳನ್ನು ಪ್ರಕಟಿಸಿದಾಗ ಮೊದಲನೆಯದಾಗಿ ಇರಿಸಿದ್ದು ಕೊಲೆ ಮಾಡಬಾರದೆಂಬ ಆಜ್ಞೆಯನ್ನೇ. ರಸ್ತೆಯಲ್ಲಿ ನಮ್ಮ ಅಜಾಗ್ರತೆಯ ಫಲ ಉಣ್ಣುವವನು ಬಹುಮಟ್ಟಿಗೆ ಬೇರೊಬ್ಬ ತಾಯಿಯ ಮಗ.

ತಂದೆ ತಾಯಂದಿರೇ, ಮಗ ಕೀಲಿಕೈ ಕೇಳಿದಾಗ ‘ಇನ್ನೂ ಸಮಯವಿದೆ, ತಡೆ’ ಎನ್ನುವುದೂ ವಾತ್ಸಲ್ಯವೇ. ಬರುವ ರವಿವಾರ ಅಂಗಳದಲ್ಲಿ ನಾವೂ ನಕ್ಕು ಸುಮ್ಮನಾಗುವುದಿಲ್ಲ.